ರೋಗಿಗಳ ಪಾಲಕ ಸಂತ ಕಮಿಲ್ಲಸ್ ದೆ ಲೆಲ್ಲಿಸ್

ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸಂತರೊಬ್ಬರ ಜೀವನ ಚರಿತ್ರೆ ಇರಬೇಕೆಂಬುದು ಸಮಿತಿಯವರ ಅಪೇಕ್ಷೆ. ಸಂತ ಅಂತೋಣಿಯವರನ್ನೋ ಸಂತ ಫ್ರಾನ್ಸಿಸ್ ಕ್ಸೇವಿಯರರನ್ನೋ ಕುರಿತು ಬರೆಯುವುದು ಸುಲಭವಾಗಿತ್ತು. ಅವರ ಚರಿತ್ರೆ ನಮ್ಮ ಮಕ್ಕಳಿಗೂ ತಿಳಿದದ್ದೇ. ಆದರೆ ನಾವು ಸಂತ ಕಮಿಲ್ಲಸರನ್ನು ಆರಿಸಿಕೊಂಡೆವು. ಕರಿಯ ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ ರೋಗಿಯ ಹಾಸಿಗೆಯ ಬಳಿ ಬಾಗಿ ನಿಂತ ಅವರ ಚಿತ್ರವನ್ನು ಕಥೋಲಿಕ ಆಸ್ಪತ್ರೆಗಳ ಗೋಡೆಯ ಮೇಲೆ ಅನೇಕರು ಕಂಡಿದ್ದೀರಿ. ಆ ಕೆಂಪು ಶಿಲುಬೆಯನ್ನು ಧರಿಸುವುದಕ್ಕೆ ಮೊದಲು ಅವರು ಬಾಳಿದ ಬಾಳನ್ನು ಅರಿತವರು ಕಡಿಮೆ.

ಆಯ್ಕೆಗೆ ಕಾರಣವಿದೆ. ಕೊಪ್ಪಳವಾಗಲಿ ಗಂಗಾವತಿಯಾಗಲಿ, ಕುಷ್ಟಗಿ ಯಲಬುರ್ಗಾದ ಹಳ್ಳಿಗಳಾಗಲಿ, ಗುರುಗಳು ಮನೆ ಮನೆ ಭೇಟಿಗೆ ಹೋದಾಗ ತಾಯಂದಿರು ಕಣ್ಣೀರಿನೊಂದಿಗೆ ಹೇಳಿಕೊಳ್ಳುವ ಸಂಕಟ ಬಹುಪಾಲು ಒಂದೇ. ನಾಲೆಯ ನೀರು ಬಂದ ಕಡೆ ಭತ್ತದ ಹಣ ಹೋಗುವುದೂ ಅಲ್ಲಿಗೇ, ನೀರಿಲ್ಲದ ಕಡೆ ಗುಳೆ ಹೋಗಿ ದುಡಿದು ತಂದ ಕೂಲಿ ಹೋಗುವುದೂ ಅಲ್ಲಿಗೇ. 2007ರಲ್ಲಿ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಕುಡಿಯುವವನು ಮತ್ತೊಂದನ್ನು ಕಂಡುಕೊಂಡ. ಕುಡಿತದ ಪಕ್ಕದಲ್ಲೇ ಇಸ್ಪೀಟಿನ ಎಲೆ ಕುಳಿತಿರುತ್ತದೆ. ಶಿಲುಬೆಯನ್ನು ಮುಟ್ಟಿ ಆಣೆ ಮಾಡಿದವನು ಮೂರು ತಿಂಗಳಲ್ಲಿ ಆಣೆ ಮುರಿದು ಬಂದಾಗ ಮನೆಯವರು ನಮ್ಮನ್ನು ಕೇಳುವ ಪ್ರಶ್ನೆ ಇದು: ಇನ್ನು ಇವನ ಮೇಲೆ ಆಸೆ ಇಟ್ಟುಕೊಳ್ಳುವುದುಂಟೇ? ದೇವರಿಗೆ ಕೊಟ್ಟ ಮಾತನ್ನು ಒಮ್ಮೆಯಲ್ಲ, ಹಲವು ಸಲ ಮುರಿದ ಒಬ್ಬ ಮನುಷ್ಯನ ಕಥೆಯನ್ನು ಅವರ ಮುಂದಿಡುವುದೇ ಸರಿಯೆಂದು ನಮಗೆ ತೋರಿತು.

ಕಮಿಲ್ಲಸ್ ಹುಟ್ಟಿದ್ದು 1550ರ ಮೇ 25ರಂದು, ಇಟಲಿಯ ಅಬ್ರುಜ್ಜಿ ಪ್ರಾಂತದ ಬುಕ್ಕಿಯಾನಿಕೊ ಎಂಬ ಗುಡ್ಡದ ಊರಿನಲ್ಲಿ. ಆ ಸೀಮೆ ಆಗ ನೇಪಲ್ಸ್ ರಾಜ್ಯಕ್ಕೆ ಸೇರಿತ್ತು. ತಂದೆ ಜಿಯೋವಾನ್ನಿ ದೆ ಲೆಲ್ಲಿಸ್ ಸೈನ್ಯದ ಅಧಿಕಾರಿ. ಮನೆಯಲ್ಲಿದ್ದದ್ದಕ್ಕಿಂತ ದಂಡಿನಲ್ಲಿದ್ದದ್ದೇ ಹೆಚ್ಚು, ಜೂಜಿನಲ್ಲಿ ಕಳೆದದ್ದೂ ಹೆಚ್ಚು. ತಾಯಿ ಕಮಿಲ್ಲಾ ಮಗುವಾಗುವ ಆಸೆಯನ್ನೇ ಬಿಟ್ಟಿದ್ದ ಇಳಿವಯಸ್ಸಿನಲ್ಲಿ ಈ ಮಗನನ್ನು ಹೆತ್ತವರು. ಹೆರಿಗೆಗೆ ಮುಂಚೆ ಆಕೆ ಒಂದು ಕನಸು ಕಂಡಿದ್ದರಂತೆ. ಎದೆಯ ಮೇಲೆ ಶಿಲುಬೆಯ ಗುರುತಿದ್ದ ಬಾಲಕನೊಬ್ಬ ಮುಂದೆ ನಡೆಯುತ್ತಿದ್ದಾನೆ, ಅಂಥದೇ ಗುರುತಿನ ಬಾಲಕರ ಗುಂಪು ಹಿಂದೆ ಬರುತ್ತಿದೆ. ಮರಣದಂಡನೆಗೆ ಒಯ್ಯುವ ಅಪರಾಧಿಗಳಿಗೆ ಶಿಲುಬೆಯ ಗುರುತು ಹಚ್ಚುವ ಕಾಲ ಅದು; ಮಗ ಕಳ್ಳರ ಗುಂಪಿನ ನಾಯಕನಾಗುವನೆಂದೇ ಆ ತಾಯಿ ಹೆದರಿದರು. ಮಗನ ನಡತೆಯೂ ಆ ಹೆದರಿಕೆಯನ್ನು ಕಡಿಮೆ ಮಾಡಲಿಲ್ಲ. 1562ರಲ್ಲಿ, ಅವನಿಗೆ ಹನ್ನೆರಡು ವರ್ಷವಾಗಿದ್ದಾಗ, ಆಕೆ ಕಣ್ಣು ಮುಚ್ಚಿದರು. ತಾಯಿ ಕಂಡ ಕನಸಿನ ಅರ್ಥ ತಾಯಿಗೆ ತಿಳಿಯಲಿಲ್ಲ.

ಬಂಧುಗಳ ಮನೆಯಲ್ಲಿ ಹೇಗೋ ಬೆಳೆದ ಹುಡುಗ ಹದಿನೇಳರ ಹೊತ್ತಿಗೆ ಆರೂವರೆ ಅಡಿ ಎತ್ತರದ ಆಳಾಗಿ ನಿಂತ. ತಂದೆ ಮಗ ಇಬ್ಬರೂ ವೆನಿಸ್ ಗಣರಾಜ್ಯದ ಸೈನ್ಯ ಸೇರಿ ತುರ್ಕರ ಮೇಲೆ ಯುದ್ಧಕ್ಕೆ ಹೊರಟರು. ತಂದೆ ದಾರಿಯಲ್ಲೇ ಕಾಯಿಲೆ ಬಿದ್ದು ತೀರಿಹೋದರು. ಆಸ್ತಿಯೆಂದು ಮಗನಿಗೆ ಉಳಿದದ್ದು ಒಂದು ಕತ್ತಿ, ಒಂದು ಕಠಾರಿ. ಮೂರನೆಯದು, ಲೆಕ್ಕಕ್ಕೆ ಬಾರದ ಆಸ್ತಿ, ಜೂಜಿನ ಚಟ. ಇದೇ ಸುಮಾರಿಗೆ ಕಾಲಿನ ಹರಡಿನ ಬಳಿ ಒಂದು ಸಣ್ಣ ಗಾಯವಾಯಿತು. ಅದು ಕೆರೆದು, ಕೀವಾಗಿ, ವ್ರಣವಾಗಿ ಬಲಿಯಿತು. ಈ ವ್ರಣವನ್ನು ಓದುಗರು ನೆನಪಿನಲ್ಲಿಡಬೇಕು. ಈ ಕಥೆಯುದ್ದಕ್ಕೂ ಅದು ಬರುತ್ತದೆ.

ತಂದೆ ಸತ್ತ ದಿನಗಳಲ್ಲೇ ಫೆರ್ಮೋ ಪಟ್ಟಣದ ಬೀದಿಯಲ್ಲಿ ಇಬ್ಬರು ಫ್ರಾನ್ಸಿಸ್ಕನ್ ಸನ್ಯಾಸಿಗಳು ತಲೆ ತಗ್ಗಿಸಿ ನಡೆದು ಹೋಗುತ್ತಿರುವುದನ್ನು ಆತ ಕಂಡ. ಮನಸ್ಸು ಕರಗಿತು. ತಾನೂ ಫ್ರಾನ್ಸಿಸ್ಕನ್ ಸಭೆ ಸೇರುವೆನೆಂದು ಅಲ್ಲೇ ಹರಕೆ ಹೊತ್ತ. ಆ ಸಭೆಯಲ್ಲಿದ್ದ ಸೋದರಮಾವನ ಬಳಿಗೆ ಹೋಗಿ ಕೇಳಿಯೂ ಕೇಳಿದ. ಕುಂಟುವ ಕಾಲು, ಹರಕು ಬಟ್ಟೆ, ಸಿಪಾಯಿಯ ಮಾತು. ಹಿರಿಯರಿಗೆ ನಂಬಿಕೆ ಬರಲಿಲ್ಲ, ಸೇರಿಸಿಕೊಳ್ಳಲಿಲ್ಲ. ಮಾವನವರನ್ನು ನಾವು ದೂರುವುದಿಲ್ಲ. ಗುರುಮಠದ ಬಾಗಿಲಲ್ಲಿ ಅಂಥ ಯುವಕ ಬಂದು ನಿಂತರೆ ನಾವಾದರೂ ಮೊದಲು ಕಾಲಿನ ಚಿಕಿತ್ಸೆ ಮಾಡಿಸಿಕೊಂಡು ಬಾ ಎಂದೇ ಹೇಳುತ್ತಿದ್ದೆವು. ಹರಕೆ ಮಾತ್ರ ಕೆಲವೇ ದಿನಗಳಲ್ಲಿ ಮರೆತುಹೋಯಿತು.

ಕಾಲಿನ ಚಿಕಿತ್ಸೆಗೆ 1571ರಲ್ಲಿ ರೋಮಿನ ಸಾನ್ ಜಾಕೊಮೊ ಆಸ್ಪತ್ರೆಗೆ ಬಂದ. ವಾಸಿಯಾಗದ ರೋಗಿಗಳಿಗೆಂದೇ ಇದ್ದ ದೊಡ್ಡ ಆಸ್ಪತ್ರೆ ಅದು. ಕೈಯಲ್ಲಿ ಕಾಸಿಲ್ಲದ್ದರಿಂದ ರೋಗಿಯಾಗಿಯೂ ಆಳಾಗಿಯೂ ಅಲ್ಲೇ ಉಳಿದ. ಒಂಬತ್ತು ತಿಂಗಳಲ್ಲಿ ಅಧಿಕಾರಿಗಳಿಗೆ ಸಾಕಾಯಿತು. ಕೆಲಸದವರೊಡನೆ ಜಗಳ, ರೋಗಿಗಳನ್ನು ಬಿಟ್ಟು ಟೈಬರ್ ನದಿಯ ದೋಣಿಗಾರರ ಜೊತೆ ಜೂಜು. ಕೊನೆಗೆ ಹೊರಗೆ ಹಾಕಿದರು. ಈ ಆಸ್ಪತ್ರೆಯ ಹೆಸರನ್ನೂ ಓದುಗರು ನೆನಪಿನಲ್ಲಿಡಲಿ.

ಮುಂದಿನ ಮೂರು ವರ್ಷ ಮತ್ತೆ ಸಿಪಾಯಿಗಿರಿ, ಮೊದಲು ವೆನಿಸಿಗೆ, ಆಮೇಲೆ ಸ್ಪೇನಿಗೆ. ದಂಡಿನ ಬಿಡಾರದಲ್ಲಿ ಮದ್ಯವೂ ಪಗಡೆಯೂ ಎಲೆಯೂ ಒಂದೇ ಹಲಗೆಯ ಮೇಲೆ ಇರುತ್ತಿದ್ದವು. ಕಮಿಲ್ಲಸನ ತಲೆಗೇರಿದ ಅಮಲು ಜೂಜಿನದು. ಜೂಜನ್ನೂ ಅಮಲೆಂದು ಕರೆದದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಇದ್ದದ್ದನ್ನೆಲ್ಲ ಕಳೆದುಕೊಂಡ ಮೇಲೂ ನಾಳೆ ಗೆಲ್ಲುವೆನೆಂದು ಕೈ ಚಾಚುವವನಿಗೂ ಬಾಟಲಿಗೆ ಕೈ ಚಾಚುವವನಿಗೂ ನಾವು ವ್ಯತ್ಯಾಸ ಕಂಡಿಲ್ಲ. 1574ರಲ್ಲಿ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹಳೆಯ ಹರಕೆ ನೆನಪಾಯಿತು, ಮತ್ತೆ ಹೊತ್ತ. ನೇಪಲ್ಸಿನ ದಡ ಮುಟ್ಟಿದ ಮೇಲೆ ಮತ್ತೆ ಮರೆತ. ಆ ಶರತ್ಕಾಲದಲ್ಲೇ ನೇಪಲ್ಸಿನ ಬೀದಿಯಲ್ಲಿ ಸಂಬಳ ಸೋತ, ಕತ್ತಿ ಸೋತ, ಮೇಲಂಗಿ ಸೋತ, ಕೊನೆಗೆ ಮೈಮೇಲಿನ ಅಂಗಿಯನ್ನೂ ಪಣಕ್ಕಿಟ್ಟು ಸೋತ. ವಯಸ್ಸು 24.

ಗೆಳೆಯನೊಬ್ಬನ ಜೊತೆ ಅಲೆದಾಡುತ್ತ ಪೂರ್ವ ಕರಾವಳಿಯ ಮನ್‌ಫ್ರೆದೋನಿಯಾ ಪಟ್ಟಣಕ್ಕೆ ಬಂದು, ಚಳಿಗಾಲದಲ್ಲಿ ದೇವಾಲಯದ ಮೆಟ್ಟಿಲ ಮೇಲೆ ಟೊಪ್ಪಿಗೆ ಚಾಚಿ ಭಿಕ್ಷೆಗೆ ನಿಂತ. ಎತ್ತರದ, ಗಟ್ಟಿ ಮೈಯ ಯುವಕ ಬೇಡುವುದನ್ನು ಕಂಡ ಊರಿನ ಗೃಹಸ್ಥರೊಬ್ಬರು ಕಪುಚಿನ್ ಸನ್ಯಾಸಿಗಳ ಕಟ್ಟಡದಲ್ಲಿ ಕೆಲಸವಿದೆ, ಹೋಗು ಎಂದು ಕಳಿಸಿದರು. ಕತ್ತೆಗಳ ಮೇಲೆ ಕಲ್ಲು, ಸುಣ್ಣ, ನೀರು ಹೊರಿಸಿ ತರುವ ಕೂಲಿ. ನಾಲ್ಕು ಕಾಸು ಕೂಡಿದರೆ ವಸಂತದಲ್ಲಿ ಮತ್ತೆ ಸೈನ್ಯಕ್ಕೆ ಹೋಗುವುದೆಂಬ ಲೆಕ್ಕ ಅವನದು. ಬೀದಿಯ ಹುಡುಗರು ಹಳೆಯ ಸಿಪಾಯಿ ಕತ್ತೆ ಕಾಯುವುದನ್ನು ಕಂಡು ಗೇಲಿ ಮಾಡುತ್ತಿದ್ದರು. ಅವನು ಹಲ್ಲು ಕಚ್ಚಿ ಸಹಿಸಿದ.

1575ರ ಫೆಬ್ರವರಿ ಆರಂಭದಲ್ಲಿ ಅವನನ್ನು ಸಾಮಾನು ತರಲು ಬೆಟ್ಟದ ಮೇಲಿನ ಸಾನ್ ಜಿಯೋವಾನ್ನಿ ರೊತೊಂದೊ ಎಂಬ ಊರಿನ ಮಠಕ್ಕೆ ಕಳಿಸಿದರು. ಹೆಸರು ಪರಿಚಿತವೆನಿಸಿತೇ? ಹೌದು, 1916ರಿಂದ 1968ರವರೆಗೆ ಸಂತ ಪಾದ್ರೆ ಪಿಯೋ ಬಾಳಿದ ಊರು ಅದೇ. ಅಲ್ಲಿಯ ಮಠದ ಹಿರಿಯರು, ಫ್ರಾ ಆಂಜೆಲೊ ಎಂಬವರು, ರಾತ್ರಿ ಊಟವಾದ ಮೇಲೆ ಈ ಕೂಲಿಯಾಳನ್ನು ತೋಟಕ್ಕೆ ಕರೆದೊಯ್ದು ಕುಳ್ಳಿರಿಸಿಕೊಂಡು ಮಾತನಾಡಿದರು. ದೊಡ್ಡ ಪ್ರವಚನವೇನೂ ಅಲ್ಲ. ದೇವರೇ ಸರ್ವಸ್ವ, ಉಳಿದದ್ದೆಲ್ಲ ಏನೂ ಅಲ್ಲ, ಆತ್ಮವನ್ನು ಉಳಿಸಿಕೊಳ್ಳುವುದೊಂದೇ ಕೆಲಸ ಎಂಬಷ್ಟೇ ಅದರ ಸಾರ. ಮರುದಿನ ಬೆಳಿಗ್ಗೆ, ಬಾಲ ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಂದು, ಫೆಬ್ರವರಿ 2ರಂದು, ಬಲಿಪೂಜೆಯಲ್ಲಿ ಭಾಗವಹಿಸಿ ಹಬ್ಬದ ಮೇಣದ ಬತ್ತಿಯೊಂದನ್ನು ಪಡೆದು ಕತ್ತೆಯ ಮೇಲೆ ಹೊರಟ. ಕಲ್ಲುಗಾಡಿನ ದಾರಿಯ ನಡುವೆ ಆ ಮುದುಕರ ಮಾತು ಒಳಗೆ ಒಡೆಯಿತು. ಕತ್ತೆಯ ಮೇಲಿಂದ ಕೆಳಗೆ ಬಿದ್ದು, ಕಲ್ಲುಗಳ ಮೇಲೆ ಮೊಣಕಾಲೂರಿ, ಬಹಳ ಹೊತ್ತು ಅತ್ತ. ಇಷ್ಟು ವರ್ಷ ದೇವರನ್ನು ಅರಿಯದೆ ಹೋದೆನಲ್ಲ ಎಂಬುದೇ ಅವನ ಗೋಳು. ಮುಂದೆ ಜೀವವಿರುವವರೆಗೂ ಈ ದಿನವನ್ನು ಅವರು ತಮ್ಮ ಮನಃಪರಿವರ್ತನೆಯ ದಿನವೆಂದು ಆಚರಿಸಿದರು.

ಇಲ್ಲಿಂದ ನಾವೂ ಏಕವಚನವನ್ನು ಬಿಡುತ್ತೇವೆ.

ಸಂತರ ಚರಿತ್ರೆಗಳನ್ನು ಬರೆಯುವವರು ಇಂಥ ಘಟ್ಟ ಬಂದ ಕೂಡಲೇ ಎಲ್ಲವೂ ಸರಿಹೋಯಿತೆಂದು ಬರೆದು ಮುಂದೆ ಹೋಗುವುದುಂಟು. ಕಮಿಲ್ಲಸರಿಗೆ ಹಾಗಾಗಲಿಲ್ಲ. ಅಂದೇ ಮನ್‌ಫ್ರೆದೋನಿಯಾದ ಕಪುಚಿನ್ನರ ಕಾಲಿಗೆ ಬಿದ್ದು ಸಭೆಗೆ ಸೇರಿಸಿಕೊಳ್ಳಿರೆಂದು ಬೇಡಿಕೊಂಡರು, ಸೇರಿಸಿಕೊಂಡರು. ನವಶಿಷ್ಯರಾಗಿ ಒರಟು ನಿಲುವಂಗಿ ತೊಟ್ಟರು. ಆ ನಿಲುವಂಗಿಯ ಅಂಚು ನಡೆನಡೆದಂತೆ ಕಾಲಿಗೆ ಉಜ್ಜಿ ಹಳೆಯ ವ್ರಣ ಬಾಯಿ ತೆರೆಯಿತು. ಸಭೆಯ ನಿಯಮದಂತೆ ಹೊರಗೆ ಕಳಿಸಿದರು. ಎಲ್ಲಿಗೆ ಹೋಗಬೇಕು? ಒಮ್ಮೆ ತಮ್ಮನ್ನು ಹೊರಗಟ್ಟಿದ್ದ ಸಾನ್ ಜಾಕೊಮೊ ಆಸ್ಪತ್ರೆಗೇ ಹೋದರು. ಅಲ್ಲಿ ನಾಲ್ಕು ವರ್ಷ ಚಿಕಿತ್ಸೆ ಪಡೆಯುತ್ತ ರೋಗಿಗಳ ಸೇವೆ ಮಾಡಿದರು. ವ್ರಣ ಮುಚ್ಚಿತು. 1579ರಲ್ಲಿ ಮತ್ತೆ ಕಪುಚಿನ್ ಸಭೆಗೆ ಹೋದರು. ಆಗ ರೋಮಿನಲ್ಲಿ ಅವರ ಪಾಪನಿವೇದನೆ ಕೇಳುತ್ತಿದ್ದವರು ಸಂತ ಫಿಲಿಪ್ಪ ನೇರಿಯವರು. ಹೋಗಬೇಡ, ಗಾಯ ಮತ್ತೆ ತೆರೆಯುತ್ತದೆ ಎಂದು ಅವರು ತಡೆದಿದ್ದರು. ಹಾಗೆಯೇ ಆಯಿತು. ಎರಡನೆಯ ಸಲವೂ ಹೊರಗೆ. ಈ ಬಾರಿ ಮತ್ತೆ ಬರದಂತೆ ಖಚಿತವಾಗಿ.

ಸನ್ಯಾಸಕ್ಕೆ ಹೊರಟ ದಾರಿಯನ್ನು ಒಂದು ಹುಣ್ಣು ಎರಡು ಸಲ ಕಡಿಯಿತು. ಇಂಥ ನಿರಾಶೆಯಲ್ಲೇ ಎಷ್ಟೋ ಜನ ಹಳೆಯ ಗೆಳೆಯರ ಬಳಿಗೆ, ಹಳೆಯ ಅಡ್ಡೆಗೆ ಹಿಂದಿರುಗುವುದನ್ನು ಗುರುಗಳಾದ ನಾವೆಲ್ಲ ಕಂಡಿದ್ದೇವೆ. ಕಮಿಲ್ಲಸರು ಎಲೆಯನ್ನು ಮುಟ್ಟಲಿಲ್ಲ, ಆಸ್ಪತ್ರೆಗೆ ಹಿಂದಿರುಗಿದರು. ಜಗಳಗಂಟ ಆಳೆಂದು ಯಾರನ್ನು ಹೊರದೂಡಿದ್ದರೋ ಅವರನ್ನೇ ಆ ಆಸ್ಪತ್ರೆಯ ಮೇಲ್ವಿಚಾರಕರನ್ನಾಗಿ ನೇಮಿಸಿದರು.

ಮದ್ಯಪಾನದ ಮಾತನ್ನು ಮೊದಲು ಎತ್ತಿದ್ದರಿಂದ ಇಲ್ಲಿ ಮತ್ತೊಬ್ಬರನ್ನು ನೆನೆಯಬೇಕು. ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಗಾರ ಮ್ಯಾಟ್ ಟಾಲ್ಬಟ್, ಜನನ 1856. ಹನ್ನೆರಡರ ವಯಸ್ಸಿಗೇ ಮದ್ಯದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. ಹದಿನಾರು ವರ್ಷ ಕುಡಿದು, 1884ರಲ್ಲಿ ಗುರುಮಠವೊಂದಕ್ಕೆ ಹೋಗಿ ಗುರುಗಳ ಮುಂದೆ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಎಷ್ಟು ಕಾಲಕ್ಕೆ? ಜೀವಮಾನಕ್ಕಲ್ಲ, ಮೂರು ತಿಂಗಳಿಗೆ. ಅದು ಮುಗಿದ ಮೇಲೆ ಆರು ತಿಂಗಳಿಗೆ, ಆಮೇಲೆ ಜೀವಮಾನಕ್ಕೆ. ಪ್ರತಿದಿನ ಬೆಳಗಿನ ಬಲಿಪೂಜೆ ತಪ್ಪಿಸದೆ, ಕೂಲಿಗಾರರಾಗಿಯೇ ಉಳಿದು, 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಪ್ರಾಣ ಬಿಟ್ಟರು. ನಡುವಿನ 41 ವರ್ಷ ಒಂದು ಹನಿ ಮುಟ್ಟಿರಲಿಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು. ಕುಡುಕನ ಕೈಯಿಂದ ಜೀವಮಾನದ ಆಣೆಯನ್ನು ಒಂದೇ ದಿನ ಬರೆಸಿಕೊಳ್ಳಲು ಅವಸರಪಡುವ ನಮ್ಮ ಮನೆಗಳ ಹಿರಿಯರು ಆ ಮೂರು ತಿಂಗಳನ್ನು ಗಮನಿಸಬೇಕು.

ಕಮಿಲ್ಲಸರಿಗೆ ಹಿಂದಿರುಗೋಣ. ಆ ಕಾಲದ ಆಸ್ಪತ್ರೆಗಳು ಹೇಗಿದ್ದವೆಂಬುದನ್ನು ಇಂದು ಊಹಿಸುವುದು ಕಷ್ಟ. ರೋಗಿಗಳ ಆರೈಕೆಗೆ ಸಂಬಳದ ಆಳುಗಳು. ಬೇರೆಲ್ಲೂ ಕೆಲಸ ಸಿಗದವರು, ಶಿಕ್ಷೆಯ ಬದಲಿಗೆ ಬಂದವರು. ಊಟ ಕೊಟ್ಟರೆ ಕೊಟ್ಟರು, ಹಾಸಿಗೆ ಬದಲಿಸಿದರೆ ಬದಲಿಸಿದರು. ಉಸಿರು ಪೂರ್ತಿ ನಿಲ್ಲುವ ಮುನ್ನವೇ ಹೆಣವೆಂದು ಸಾಗಿಸಿದ್ದೂ ಉಂಟು. ಮುಂದೆ ಕಮಿಲ್ಲಸರು ಮಾಡಿದ ಒಂದು ಕಟ್ಟಳೆ ಇದನ್ನು ತಿಳಿಸುತ್ತದೆ: ರೋಗಿ ತೀರಿಕೊಂಡನೆಂದು ಕಂಡ ಮೇಲೂ ಕಾಲು ಗಂಟೆ ಪ್ರಾರ್ಥನೆ ಮುಂದುವರಿಸಬೇಕು, ಅಲ್ಲಿಯವರೆಗೆ ಮುಖಕ್ಕೆ ಬಟ್ಟೆ ಮುಚ್ಚಬಾರದು. ಈ ಆಳುಗಳ ನಡತೆಯನ್ನು ಅವರು ಚೆನ್ನಾಗಿ ಬಲ್ಲವರು. ತಾವೇ ಅವರಲ್ಲಿ ಒಬ್ಬರಾಗಿದ್ದರಲ್ಲ. 1582ರ ಆಗಸ್ಟಿನಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ಸುಮಾರಿಗೆ, ರಾತ್ರಿ ರೋಗಿಗಳ ನಡುವೆ ನಿಂತಾಗ ಒಂದು ಯೋಚನೆ ಹೊಳೆಯಿತು. ಸಂಬಳಕ್ಕಲ್ಲದೆ ದೇವರ ಪ್ರೀತಿಗಾಗಿ, ತಾಯಿ ತನ್ನ ಒಬ್ಬನೇ ಮಗನ ಕಾಯಿಲೆಯಲ್ಲಿ ನೋಡಿಕೊಳ್ಳುವಂತೆ ರೋಗಿಗಳನ್ನು ನೋಡಿಕೊಳ್ಳುವವರ ಒಂದು ಗುಂಪು ಬೇಕು.

ಆಸ್ಪತ್ರೆಯವರಿಗೆ ಸಂಶಯ ಬಂತು. ಇವನು ಆಸ್ಪತ್ರೆಯನ್ನೇ ಕೈಗೆ ತೆಗೆದುಕೊಳ್ಳಲು ಹೊರಟಿದ್ದಾನೆಂದು ಅವರ ಪುಟ್ಟ ಪ್ರಾರ್ಥನಾ ಕೋಣೆಯನ್ನು ಮುಚ್ಚಿಸಿದರು. ಅಲ್ಲಿದ್ದ ಶಿಲುಬೆಯನ್ನು ಕಮಿಲ್ಲಸರು ತಮ್ಮ ಕೋಣೆಗೆ ಹೊತ್ತು ತಂದರು. ಆ ಶಿಲುಬೆಯಲ್ಲಿದ್ದ ಪ್ರಭು ಕೈ ಚಾಚಿ, ಈ ಕೆಲಸ ನಿನ್ನದಲ್ಲ, ನನ್ನದು ಎಂದು ಸಂತೈಸಿದರೆಂಬ ನಂಬಿಕೆ ಅವರ ಸಭೆಯಲ್ಲಿ ಇಂದಿಗೂ ಇದೆ. ಸಂತ ಫಿಲಿಪ್ಪ ನೇರಿಯವರೂ ಈ ಯೋಜನೆಗೆ ಒಪ್ಪಲಿಲ್ಲ. ವಿದ್ಯೆಯಿಲ್ಲದ ಹಳೆಯ ಸಿಪಾಯಿ ಜನರನ್ನು ನಡೆಸಬಲ್ಲನೇ ಎಂಬ ಶಂಕೆ. ಕೊನೆಗೆ ಅವರ ಪಾಪನಿವೇದನೆ ಕೇಳುವುದನ್ನೇ ಬಿಟ್ಟರು. ಇಬ್ಬರೂ ಸಂತರೇ, ಸಂತರಿಗೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುವುದು ಕೆಲವೊಮ್ಮೆ ಸಾಧ್ಯವಾಗುವುದಿಲ್ಲ.

ಕೆಲಸ ನಿಲ್ಲಬೇಕಾದರೆ ಗುರುಗಳಾಗಬೇಕು ಎಂದು ಕಮಿಲ್ಲಸರಿಗೆ ತಿಳಿಯಿತು. ಆಗ ಅವರಿಗೆ 32 ವರ್ಷ. ಲತೀನ್ ಭಾಷೆ ಬಾರದು. ಯೇಸುಸಭೆಯವರ ರೋಮನ್ ಕಾಲೇಜಿನಲ್ಲಿ ಹುಡುಗರ ತರಗತಿಗೆ ಸೇರಿದರು. ಆರೂವರೆ ಅಡಿಯ ಕುಂಟುಗಾಲಿನ ಮನುಷ್ಯ ಸಣ್ಣ ಹುಡುಗರ ಬೆಂಚಿನ ಮೇಲೆ ವ್ಯಾಕರಣ ಒಪ್ಪಿಸುವುದನ್ನು ಕಂಡು, ಬಹಳ ತಡವಾಗಿ ಬಂದಿರಿ ಎಂದು ಹುಡುಗರು ಲತೀನಿನಲ್ಲೇ ಹಂಗಿಸುತ್ತಿದ್ದರಂತೆ. ಬೆಂಗಳೂರಿನ ಗುರುಮಠದಲ್ಲಿ ನಾವು ಲತೀನ್ ಕಲಿತ ದಿನಗಳಲ್ಲಿ ಈ ಪ್ರಸಂಗವನ್ನು ಓದಿ ಧೈರ್ಯ ತಂದುಕೊಂಡದ್ದುಂಟು. ಗುರುದೀಕ್ಷೆಗೆ ಜೀವನಾಧಾರದ ಆದಾಯ ತೋರಿಸಬೇಕೆಂಬ ನಿಯಮವಿತ್ತು. ಫೆರ್ಮೋ ಕಾಲ್ವಿ ಎಂಬ ಗೃಹಸ್ಥರು ಅದನ್ನು ಒದಗಿಸಿದರು. 1584ರ ಮೇ 26ರಂದು ಕಮಿಲ್ಲಸರು ಗುರುದೀಕ್ಷೆ ಪಡೆದರು. ದೀಕ್ಷೆ ಕೊಟ್ಟವರು ಧರ್ಮಾಧ್ಯಕ್ಷ ಥಾಮಸ್ ಗೋಲ್ಡ್‌ವೆಲ್. ರಾಣಿ ಎಲಿಜಬೆತ್ತಳ ಕಾಲದಲ್ಲಿ ತಮ್ಮ ಧರ್ಮಪ್ರಾಂತವನ್ನು ಕಳೆದುಕೊಂಡು ದೇಶ ಬಿಟ್ಟು ಬಂದಿದ್ದ ವೃದ್ಧರು ಅವರು. ಎಲ್ಲವನ್ನೂ ಕಳೆದುಕೊಂಡ ಒಬ್ಬರು ಮತ್ತೊಬ್ಬರ ತಲೆಯ ಮೇಲೆ ಕೈಯಿಟ್ಟರು.

ಅದೇ ವರ್ಷ ಇಬ್ಬರು ಸಂಗಾತಿಗಳೊಡನೆ ಸಾನ್ ಜಾಕೊಮೊ ಬಿಟ್ಟು ಹೊರಬಂದು, ರೋಮಿನ ದೊಡ್ಡಾಸ್ಪತ್ರೆಯಾದ ಸಾಂತೊ ಸ್ಪಿರಿತೊದಲ್ಲಿ ಸೇವೆಗೆ ತೊಡಗಿದರು. ಹಾಸಿಗೆ ಹಾಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಸಂಸ್ಕಾರಗಳಿಗೆ ಅಣಿಗೊಳಿಸುವುದು; ಯಾವುದೂ ಕೀಳಲ್ಲ. ಕಿಟಕಿ ತೆರೆಸಿ ಗಾಳಿ ಬರಿಸಿದರು, ರೋಗಕ್ಕೆ ತಕ್ಕ ಪಥ್ಯ ಕೊಡಿಸಿದರು, ಅಂಟುರೋಗದವರನ್ನು ಬೇರೆ ಇರಿಸಿದರು. 1586ರ ಮಾರ್ಚ್ 18ರಂದು ಜಗದ್ಗುರು ಐದನೆಯ ಸಿಕ್ಸ್ತಸರು ಈ ಸಂಘಕ್ಕೆ ಒಪ್ಪಿಗೆಯಿತ್ತರು. ಅದೇ ವರ್ಷ ಜೂನಿನಲ್ಲಿ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲು ಅನುಮತಿ ದೊರೆಯಿತು. ಬುಕ್ಕಿಯಾನಿಕೊದ ತಾಯಿ ಕಂಡ ಕನಸಿನ ಅರ್ಥ ಆಗ ಬಿಚ್ಚಿತು. (ಯುದ್ಧಭೂಮಿಯ ಗಾಯಾಳುಗಳಿಗಾಗಿ 1863ರಲ್ಲಿ ಜಿನೀವಾದಲ್ಲಿ ಹುಟ್ಟಿದ ರೆಡ್ ಕ್ರಾಸ್ ಸಂಸ್ಥೆ ಬೇರೆ, ಗುರುತು ಹೋಲುತ್ತದೆಂದು ಎರಡನ್ನೂ ಒಂದುಮಾಡುವುದು ಸರಿಯಲ್ಲ.) 1591ರಲ್ಲಿ ಜಗದ್ಗುರು ಹದಿನಾಲ್ಕನೆಯ ಗ್ರೆಗೊರಿಯವರು ಇದನ್ನು ಪೂರ್ಣ ಸನ್ಯಾಸ ಸಭೆಯಾಗಿಸಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆಯ ಜೊತೆಗೆ ನಾಲ್ಕನೆಯ ವ್ರತವೊಂದಿದೆ: ಪ್ರಾಣಾಪಾಯವಿದ್ದರೂ, ಪ್ಲೇಗೇ ಇದ್ದರೂ, ರೋಗಿಗಳ ಸೇವೆ ಬಿಡುವುದಿಲ್ಲ.

ಆ ವ್ರತ ಬಾಯಿಮಾತಾಗಿರಲಿಲ್ಲ. ಅದನ್ನು ತೊಡುವುದಕ್ಕೂ ಮುಂಚೆ, 1588ರಲ್ಲಿ, ನೇಪಲ್ಸಿನ ಬಂದರಿನಲ್ಲಿ ಸಾಂಕ್ರಾಮಿಕ ರೋಗವಿದ್ದ ಹಡಗುಗಳನ್ನು ದಡಕ್ಕೆ ಬಿಡದೆ ನಿಲ್ಲಿಸಿದ್ದರು. ಕಮಿಲ್ಲಸರ ಸೋದರರು ಹಡಗಿನೊಳಕ್ಕೇ ಹತ್ತಿ ಸೇವೆ ಮಾಡಿದರು. ಇಬ್ಬರು ಅಲ್ಲೇ ರೋಗ ತಗಲಿ ತೀರಿಕೊಂಡರು. 2020ರ ಕೊರೋನಾ ದಿನಗಳನ್ನು ಕಂಡ ನಮಗೆ ಇದರ ತೂಕವನ್ನು ವಿವರಿಸಬೇಕಾಗಿಲ್ಲ. 1595ರಲ್ಲೂ 1601ರಲ್ಲೂ ಹಂಗೆರಿಯ ಕಡೆಯ ಯುದ್ಧಕ್ಕೆ ಹೊರಟ ಸೈನ್ಯದೊಡನೆ ಗಾಯಾಳುಗಳ ಆರೈಕೆಗೆ ತಮ್ಮವರನ್ನು ಕಳಿಸಿದರು. 1598ರ ಕ್ರಿಸ್ತ ಜಯಂತಿಯ ವೇಳೆ ಟೈಬರ್ ನದಿ ಉಕ್ಕಿ ಆಸ್ಪತ್ರೆಗೆ ನೀರು ನುಗ್ಗಿದಾಗ, ಕಮಿಲ್ಲಸರು ರೋಗಿಗಳನ್ನು ಹೆಗಲ ಮೇಲೆ ಹೊತ್ತು ಮಹಡಿಗೆ ಸಾಗಿಸಿದರು. ಒಂದು ಕಾಲದಲ್ಲಿ ಕಲ್ಲು ಸುಣ್ಣ ಸಾಗಿಸಿದ ಮೈ ಅದು.

1607ರಲ್ಲಿ ಸಭೆಯ ಮುಖ್ಯಸ್ಥರ ಪದವಿಯನ್ನು ಬಿಟ್ಟುಕೊಟ್ಟು ಸಾಮಾನ್ಯ ಸೋದರರಂತೆ ರೋಗಿಗಳ ನಡುವೆ ಉಳಿದರು. ಕಾಲಿನ ವ್ರಣದ ಜೊತೆಗೆ ಅಂಡವಾಯು, ಮೂತ್ರಪಿಂಡದ ಕಲ್ಲು, ಪಾದದ ಹುಣ್ಣು, ಹೊಟ್ಟೆಯಲ್ಲಿ ಅನ್ನ ನಿಲ್ಲದ ಬೇನೆ; ಈ ಐದನ್ನೂ ದೇವರ ಕರುಣೆಗಳೆಂದು ಎಣಿಸುತ್ತಿದ್ದರು. ಕೊನೆಯ ದಿನಗಳಲ್ಲಿ ನಿಲ್ಲಲಾಗದಿದ್ದಾಗ ರಾತ್ರಿ ಹಾಸಿಗೆಯಿಂದಿಳಿದು ತೆವಳುತ್ತ ಹೋಗಿ, ಪಕ್ಕದ ರೋಗಿಗೆ ಏನಾದರೂ ಬೇಕೇ ಎಂದು ವಿಚಾರಿಸಿದರು. 1614ರ ಜುಲೈ 14ರಂದು, ತಮ್ಮ 64ನೆಯ ವಯಸ್ಸಿನಲ್ಲಿ, ರೋಮಿನಲ್ಲಿ ಪ್ರಭುವಿನ ಪಾದ ಸೇರಿದರು. ಅಲ್ಲಿಯ ಮದ್ದಲೇನಾ ದೇವಾಲಯದಲ್ಲಿ ಅವರ ಪಾರ್ಥಿವ ಶರೀರವಿದೆ.

1746ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರಿಗೆ ಸಂತ ಪದವಿಯಿತ್ತರು. 1886ರಲ್ಲಿ ಹದಿಮೂರನೆಯ ಲಿಯೋ ಅವರು ರೋಗಿಗಳಿಗೂ ಆಸ್ಪತ್ರೆಗಳಿಗೂ, 1930ರಲ್ಲಿ ಹನ್ನೊಂದನೆಯ ಪಯಸ್ ಅವರು ದಾದಿಯರಿಗೂ ಅವರನ್ನು ಪಾಲಕರನ್ನಾಗಿ ಸಾರಿದರು. ಎರಡು ಸಲವೂ ದೇವರ ಸಂತ ಯೊವಾನ್ನರು ಅವರ ಜೊತೆಗಿದ್ದಾರೆ. ಕಮಿಲ್ಲಿಯನ್ ಸಭೆಯವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದರು. ನಗರದ ಸರ್ಜಾಪುರ ರಸ್ತೆಯಲ್ಲಿ ಅವರು ಸ್ಥಾಪಿಸಿದ ಸ್ನೇಹದಾನ ಎಂಬ ಮನೆಯಲ್ಲಿ, ಬಂಧುಗಳೂ ಮುಟ್ಟಲು ಹೆದರಿದ ಎಚ್.ಐ.ವಿ. ಪೀಡಿತರನ್ನು ಮಡಿಲಿಗೆ ತೆಗೆದುಕೊಂಡರು. ನಮ್ಮ ತಾಲ್ಲೂಕುಗಳ ಕ್ರೈಸ್ತ ಮನೆಗಳಿಂದ ದಾದಿಯರಾಗಿ ಊರೂರ ಆಸ್ಪತ್ರೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಪಾಲಕರೂ ಇವರೇ. ಅವರ ಹಬ್ಬ ಜುಲೈ 14. ಆ ದಿನದ ಬಲಿಪೂಜೆಗೆ, ಮನೆಯಲ್ಲಿ ಕುಡಿತಕ್ಕೋ ಇಸ್ಪೀಟಿಗೋ ಸಿಕ್ಕವರಿದ್ದರೆ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಹಿಂದಿನ ಸಂಜೆಯೊಳಗೆ ಗುರುಮನೆಗೆ ತಲುಪಿಸಬಹುದು.